ಪೋಟಗಿ (ಜೀವನಾಂಶ) ಕಡಿಮೆಯಾದೀತು ಅಂತ ಕೆಲಸ ಬಿಡಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ, ಬಿ.ಕಾಂ. ಆಗಿದೆ. ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ ನಾಲ್ಕು ವರ್ಷ ಇದ್ದೆ. 2016ರಲ್ಲಿ ಬಿಟ್ಟೆ. ಗಂಡನ ಮನೆ ಬೆಳಗಾವಿ. ಹೋದ ಮೇ ತಿಂಗಳಿಂದ ಮಗಳನ್ನು ಕರೆದುಕೊಂಡು ಬಾಗಲಕೋಟೆ ನವನಗರದಲ್ಲಿ ತವರಿನಲ್ಲಿದ್ದೇನೆ. ಮಗಳಿಗೆ ಏಳು ವರ್ಷ, ಜೂನ್‌ನಲ್ಲಿ ಇಲ್ಲೇ ಎರಡನೇ ಕ್ಲಾಸಿಗೆ ಹಚ್ಚಿದೆವು. ಅವರು ಬೆಳಗಾವಿ ಕೋರ್ಟಿನಲ್ಲಿ ಹೆಂಡತಿ ವಾಪಸ್ ಬರಬೇಕು ಅಂತ ಕೇಸು ಹಾಕಿದ್ದಾರೆ. ನೋಟಿಸು ಬಂದಿದೆ, ತಾರೀಖು ಮುಂದಿನ ತಿಂಗಳು. ಇಲ್ಲಿವರೆಗೆ ಒಂದು ರೂಪಾಯಿ ಕಳಿಸಿಲ್ಲ.

ನನಗೆ ಎರಡು ಕೆಲಸ ಸಿಗುವಂತಿವೆ. ಒಂದು, ಮನೆ ಹತ್ತಿರದ ಪತ್ತಿನ ಸೌಹಾರ್ದದಲ್ಲಿ ಲೆಕ್ಕ ಬರೆಯುವುದು. ಪಗಾರ 13,000, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಅಲ್ಲಿಯ ನಿರ್ದೇಶಕರೊಬ್ಬರು ಅಪ್ಪನಿಗೆ ಪರಿಚಯ. ಆರ್ಡರ್ ಗೀರ್ಡರ್ ಇಲ್ಲ, ಕೈಯಲ್ಲೇ ಕೊಡುತ್ತಾರಂತೆ. ಇನ್ನೊಂದು, ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್. 20,000, ಪಿಎಫ್, ಇಎಸ್‌ಐ ಇದೆ. ಆದರೆ ಮೂರು ಶಿಫ್ಟ್, ರಾತ್ರಿ ಪಾಳಿಯೂ ಬರುತ್ತದೆ. ಅವ್ವನಿಗೆ ನನ್ನ ಜೊತೆ ಬರಲು ಆಗುವುದಿಲ್ಲ, ಅಪ್ಪನಿಗೆ ಆರಾಮಿಲ್ಲ. ಕಾಕಾ "ದುಡಿದರೆ ಪೋಟಗಿ ಸಿಗೂದಿಲ್ಲ" ಅನ್ನುತ್ತಾರೆ. ಅಣ್ಣ "ಕೇಸು ಮುಗಿಯೋತನಕ ಸುಮ್ನೆ ಕೂಡು" ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಕೆಲಸಕ್ಕೆ ಹೋಗಿ ತಂಗಿ. ಇದರಲ್ಲಿ ಎರಡು ಮಾತಿಲ್ಲ. ಯಾವ ಕೆಲಸ ಅನ್ನೋದು ಸ್ವಲ್ಪ ಲೆಕ್ಕ ಹಾಕಿ ನೋಡುವ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪೋಟಗಿಯ ಭಯ.

ಕೌಟುಂಬಿಕ ನ್ಯಾಯಾಲಯದಲ್ಲಿ ಹೆಣ್ಣುಮಕ್ಕಳ ಪರ ಕೇಸು ನಡೆಸುವವಳು ನಾನು. ನಿಮ್ಮ ಕಾಕಾ ಹೇಳಿದ ಮಾತನ್ನು ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಯಾರಾದರೂ ಒಬ್ಬರು ಹೇಳಿರುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಎಲ್ಲರೂ ನಂಬುತ್ತಾರೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಇತ್ತಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ತನ್ನ ಜೀವನ ತಾನು ಸಾಗಿಸಲು ಆಗದ ಹೆಂಡತಿಗೆ ಜೀವನಾಂಶ ಅಂತ ಅದರಲ್ಲಿದೆ. ಇಷ್ಟನ್ನೇ ಹಿಡಿದು ಜನ "ದುಡಿದರೆ ಮುಗೀತು" ಅನ್ನುತ್ತಾರೆ.

ಸುಪ್ರೀಂ ಕೋರ್ಟ್ ಅದನ್ನು ಹಾಗೆ ಓದಿಲ್ಲ. ಹೆಂಡತಿ ದುಡಿಯುತ್ತಾಳೆ ಅನ್ನೋದೊಂದೇ ಕಾರಣಕ್ಕೆ ಜೀವನಾಂಶ ಇಲ್ಲ ಅನ್ನುವಂತಿಲ್ಲ ಅಂತ 2020ರ ನವೆಂಬರ್ 4ರ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಗಂಡನ ಮನೆಯಲ್ಲಿ ಅವಳು ಯಾವ ರೀತಿ ಇದ್ದಳು, ಈಗಿನ ಗಳಿಕೆಯಲ್ಲಿ ಹಾಗೆ ಇರಲು ಆಗುತ್ತದೆಯೇ ಅಂತ ನೋಡಬೇಕು. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಅಂತಲೂ ಅದೇ ಕೋರ್ಟು 2017ರಲ್ಲಿ ಹೇಳಿತ್ತು.

ನಿಮ್ಮ ಪಗಾರ ನೋಡಿ ಮೊತ್ತ ಸ್ವಲ್ಪ ಇಳಿಯಬಹುದು. ಇಳಿಯುವುದೇ ಇಲ್ಲ ಅಂತ ಯಾವ ವಕೀಲರೂ ಬರೆದು ಕೊಡಲಾರರು. ಆದರೆ ಇಳಿಯುವುದು ನಿಮ್ಮ ಪಾಲು. ಮಗಳ ಖರ್ಚು ಬೇರೆ ಲೆಕ್ಕ. ನೀವು ಎಷ್ಟೇ ದುಡಿದರೂ ತಂದೆಯ ಹೊಣೆ ಹೋಗುವುದಿಲ್ಲ. ತಾಯಿಯೂ ದುಡಿಯುತ್ತಿದ್ದರೆ ಇಬ್ಬರ ಆದಾಯ ನೋಡಿ ಹಂಚಬಹುದು ಅಂತ ಕೋರ್ಟು ಹೇಳುತ್ತದೆ, ಅಷ್ಟೇ. ಹೀಗಾಗಿ ಅರ್ಜಿಯಲ್ಲಿ ನಿಮ್ಮದೊಂದು, ಮಗಳದೊಂದು ಅಂತ ಮೊತ್ತವನ್ನು ಬೇರೆ ಬೇರೆ ಕೇಳಿ. ಎರಡನ್ನೂ ಒಂದೇ ಗಂಟು ಕಟ್ಟಿ ಕೇಳಿದರೆ ಕೊನೆಗೆ ಕಡಿತ ಬೀಳುವುದು ಗಂಟಿನ ಮೇಲೆಯೇ.

ಈಗ ಸುಮ್ನೆ ಕೂತರೆ ಏನಾಗುತ್ತದೆ ನೋಡೋಣ. ಪಾಟೀಸವಾಲಿನ ದಿನ ನೀವು ಕಟಕಟೆಯಲ್ಲಿ ನಿಂತಿರುತ್ತೀರಿ. ಎದುರು ವಕೀಲರು ಬಲು ಮೆತ್ತಗೆ ಶುರು ಮಾಡುತ್ತಾರೆ.

"ಬಿ.ಕಾಂ. ಪಾಸಾಗಿದ್ದೀರಿ, ಅಲ್ವಾ?"

"ಹೌದು."

"ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯಲು ಬರುತ್ತದೆ?"

"ಬರುತ್ತದೆ."

"ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಪಗಾರಕ್ಕೆ ಇದ್ದಿರಿ?"

"ಇದ್ದೆ."

"ಮಗಳು ಶಾಲೆಗೆ ಹೋಗುತ್ತಾಳೆ, ಮನೆಯಲ್ಲಿ ನಿಮ್ಮ ತಾಯಿ ಇದ್ದಾರೆ. ಹಾಗಾದರೆ ಈಗ ಯಾಕೆ ಕೆಲಸಕ್ಕೆ ಹೋಗುತ್ತಿಲ್ಲ?"

ಇಲ್ಲಿ ಬಂದು ನಮ್ಮ ಹೆಣ್ಣುಮಕ್ಕಳು ನಿಲ್ಲುತ್ತಾರೆ. ಕೆಲವರು ತಿರುಗಿ ಅಣ್ಣನ ಕಡೆ ನೋಡುತ್ತಾರೆ. "ಕೇಸು ಮುಗಿಯಲಿ ಅಂತ" ಅಂದುಬಿಟ್ಟರೆ ಅಲ್ಲಿಗೆ ಕೆಟ್ಟಿತು. ಓದಿದ, ಕೆಲಸದ ಅನುಭವ ಇರುವ ಹೆಂಡತಿ ಜೀವನಾಂಶಕ್ಕಾಗಿ ಬೇಕಂತಲೇ ಸುಮ್ಮನೆ ಕೂಡಬಾರದು ಅಂತ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಎದುರು ವಕೀಲರು ಅದರ ಪ್ರತಿಯನ್ನು ಕೈಯಲ್ಲಿ ಹಿಡಿದೇ ಬಂದಿರುತ್ತಾರೆ.

ಅದೇ ಪ್ರಶ್ನೆಗೆ "ಹೋಗುತ್ತಿದ್ದೇನೆ, 13,000 ಬರುತ್ತದೆ, ಇದು ಪಾಸ್‌ಬುಕ್, ಇದು ಮಗಳ ಫೀ ರಸೀದಿ, ಇದು ಅಪ್ಪನ ಔಷಧದ ಚೀಟಿ, ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ" ಅಂತ ಹೇಳುವವಳ ಮಾತಿಗೆ ಬೇರೆಯೇ ತೂಕ. ಒಂಬತ್ತು ವರ್ಷ ಕೆಲಸ ಬಿಟ್ಟಿದ್ದಕ್ಕೆ ಈಗ ಇಷ್ಟೇ ಪಗಾರಕ್ಕೆ ಸೇರಬೇಕಾಯಿತು ಅನ್ನೋದೂ ಆ ಪಾಸ್‌ಬುಕ್ಕಿನಲ್ಲೇ ಕಾಣುತ್ತದೆ. ಮದುವೆಗಾಗಿ, ಮಗುವಿಗಾಗಿ ಕೆಲಸ ಬಿಟ್ಟವಳಿಗೆ ಆದ ನಷ್ಟವನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಂತ 2020ರ ಆ ತೀರ್ಪಿನಲ್ಲೇ ಇದೆ.

ಕೆಲಸ ಹಿಡಿದು ಕೋರ್ಟಿಗೆ ಹೇಳದೇ ಇರುವುದು ಮಾತ್ರ ಬೇಡವೇ ಬೇಡ. ಜೀವನಾಂಶ ಕೇಳುವಾಗ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರ ಬರೆದ ಪ್ರಮಾಣಪತ್ರ ಕೊಡಬೇಕು. ಅದರ ಜೊತೆ ಮೂರು ವರ್ಷದ ಬ್ಯಾಂಕ್ ವಿವರವೂ ಹೋಗುತ್ತದೆ. ನಡುವೆ ಕೆಲಸ ಸಿಕ್ಕರೆ ಅದನ್ನೂ ತಿಳಿಸಬೇಕು. ಮುಚ್ಚಿಟ್ಟ 13,000 ಹೊರಗೆ ಬಿದ್ದರೆ, ಆಮೇಲೆ ನೀವು ಹೇಳುವ ನಿಜಕ್ಕೂ ಬೆಲೆ ಇರುವುದಿಲ್ಲ. ಗಂಡ ತನ್ನ ಆದಾಯ ಮುಚ್ಚಿಟ್ಟಿದ್ದಾನೆ ಅಂತ ದೂರುವ ಬಾಯಿಯೂ ನಿಮಗೆ ಉಳಿಯುವುದಿಲ್ಲ.

ನಿಮ್ಮ ಅಣ್ಣನಿಗೆ ಒಂದು ಮಾತು ಹೇಳಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾನೂನಿದೆ. ಅಷ್ಟರಲ್ಲಿ ಮುಗಿಯುವುದು ಅಪರೂಪ. ಮುಖ್ಯ ಕೇಸಂತೂ ವರ್ಷಗಟ್ಟಲೆ ಎಳೆಯುತ್ತದೆ. ಈಗಾಗಲೇ ಒಂಬತ್ತು ವರ್ಷದ ಗ್ಯಾಪ್ ಇದೆ. ಕೇಸು ಮುಗಿಯಲಿ ಅಂತ ಕೂತರೆ ಅದು ಹನ್ನೆರಡಾಗುತ್ತದೆ. ಆಗ ಈ ಎರಡು ಕೆಲಸವೂ ಇರುವುದಿಲ್ಲ.

ಸರಿ, ಈಗ ಎರಡರಲ್ಲಿ ಯಾವುದು?

ಕಾಗದದ ಮೇಲೆ 20,000 ದೊಡ್ಡದು. ಆದರೆ ನೋಡಬೇಕಾದ್ದು ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನೋದನ್ನ. ಆಸ್ಪತ್ರೆಯವರು ಮೂಲ ವೇತನ 13,000 ಅಂತ ಇಟ್ಟರು ಅನ್ನಿ. ಪಿಎಫ್ ಶೇ. 12ರಂತೆ 1,560 ಹೋಯಿತು. ಇಎಸ್‌ಐ ಶೇ. 0.75ರಂತೆ 150 ಹೋಯಿತು. ಕೈಗೆ 18,290. ಬೆಳಗಾವಿಯಲ್ಲಿ ಒಂದು ಖೋಲಿ, ಸಣ್ಣ ಅಡುಗೆಮನೆ ಅಂದರೆ ಬಾಡಿಗೆ 6,000 ಹಿಡಿಯಿರಿ. ರೇಷನ್, ಗ್ಯಾಸು, ಲೈಟಿನ ಬಿಲ್ಲು ಸೇರಿ 5,500. ಶಾಲೆ ಬಿಟ್ಟ ಮೇಲೆ ಮಗಳನ್ನು ನೋಡಿಕೊಳ್ಳುವವರಿಗೆ 3,000. ಶಾಲೆಯ ವ್ಯಾನಿಗೆ 1,200. ಇಷ್ಟಕ್ಕೇ 15,700 ಆಯಿತು. ಉಳಿದದ್ದು 2,590. ಇದರಲ್ಲಿ ಶಾಲೆಯ ಫೀ ಇಲ್ಲ, ವಕೀಲರ ಫೀ ಇಲ್ಲ, ಬಾಡಿಗೆ ಮನೆಯ ಮುಂಗಡ ಇಲ್ಲ. ಮುಖ್ಯವಾಗಿ, ರಾತ್ರಿ ಪಾಳಿ ಇದ್ದಾಗ ಮಗಳ ಹತ್ತಿರ ಮಲಗುವವರು ಯಾರು ಅನ್ನೋದೇ ಇಲ್ಲ.

ನವನಗರದಲ್ಲಿ 13,000 ಬರುತ್ತದೆ. ಮನೆಗೆ 4,000 ಕೊಡಿ. ತವರಿನವರು ಬೇಡ ಅಂದರೂ ಕೊಡಿ, ಅದು ನಿಮ್ಮ ಮರ್ಯಾದೆಗೆ ಒಳ್ಳೆಯದು, ಕೋರ್ಟಿನಲ್ಲಿ ಖರ್ಚಿನ ಪಟ್ಟಿಗೂ ಬರುತ್ತದೆ. ಆದರೂ 9,000 ಉಳಿಯುತ್ತದೆ. ಬಾಡಿಗೆ, ರೇಷನ್ನಿನ ಅಂಕಿಗಳನ್ನು ನಾನು ಅಂದಾಜಿಗೆ ಹಾಕಿದ್ದೇನೆ. ನೀವು ನಿಮ್ಮವನ್ನು ಹಾಕಿ ಅವ್ವನ ಮುಂದೆ ಕೂತು ಒಮ್ಮೆ ಬರೆಯಿರಿ. ಹೆಚ್ಚು ಪಗಾರ ಅಂತ ಊರು ಬಿಟ್ಟುಹೋಗಿ ಆರು ತಿಂಗಳಲ್ಲಿ ಸಾಲ ಮಾಡಿಕೊಂಡು ತಿರುಗಿ ಬಂದವರನ್ನು ನೋಡಿದ್ದೇನೆ. ಹಾಗೆ ತಿರುಗಿ ಬರುವುದು ಮನಸ್ಸಿಗೂ ಪೆಟ್ಟು, ಕೇಸಿಗೂ ಪೆಟ್ಟು.

ಆದರೆ ಆಸ್ಪತ್ರೆ ಕೆಲಸದಲ್ಲಿ ಕಣ್ಣಿಗೆ ಕಾಣದ ಗಳಿಕೆ ಇದೆ, ಅದನ್ನೂ ಬಿಡಬಾರದು. ಪಿಎಫ್‌ಗೆ ನೀವು ಹಾಕುವ 1,560ಕ್ಕೆ ಅವರೂ ಅಷ್ಟೇ ಹಾಕುತ್ತಾರೆ, ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಪಗಾರ 21,000ದ ಒಳಗಿರುವವರಿಗೆ ಇಎಸ್‌ಐ ಸಿಗುತ್ತದೆ. ಅದರಲ್ಲಿ ನಿಮಗೂ ಮಗಳಿಗೂ ಚಿಕಿತ್ಸೆ ಇದೆ. ನಿಮ್ಮ ಮೇಲೆ ಅವಲಂಬಿಸಿದ್ದಾರೆ ಅಂತಾದರೆ ಅಪ್ಪ ಅವ್ವನಿಗೂ ಇದೆ. ಅಪ್ಪನಿಗೆ ಆರಾಮಿಲ್ಲದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಎಲ್ಲಕ್ಕಿಂತ ಹೆಚ್ಚು, ಅದು ನಿಮ್ಮದೇ ಕೆಲಸ. ನಾಲ್ಕು ವರ್ಷ ಕಲಿತದ್ದು. ಎರಡು ವರ್ಷ ಮುಂದುವರಿಸಿದರೆ ಯಾವ ಊರಿನ ಆಸ್ಪತ್ರೆಯಲ್ಲಾದರೂ ಕೇಳಿ ಪಗಾರ ಪಡೆಯಬಹುದು. ಸೌಹಾರ್ದದ ಲೆಕ್ಕ ಬರೆದರೆ ಆ ದಾರಿ ಅಷ್ಟು ತೆರೆಯುವುದಿಲ್ಲ.

ಹಾಗಾದರೆ ಊರು ಯಾವುದಿರಬೇಕು? ಇದಕ್ಕೆ ಕೋರ್ಟಿನ ಕಡೆಯಿಂದಲೂ ಒಂದು ಉತ್ತರ ಇದೆ, ಜನ ಇದನ್ನು ಯೋಚನೆ ಮಾಡುವುದೇ ಇಲ್ಲ. ಜೀವನಾಂಶದ ಅರ್ಜಿಯನ್ನು ಹೆಂಡತಿ ತಾನು ವಾಸ ಇರುವ ಊರಿನಲ್ಲೇ ಹಾಕಬಹುದು. ನೀವು ಬಾಗಲಕೋಟೆಯಲ್ಲಿದ್ದರೆ ಬಾಗಲಕೋಟೆಯಲ್ಲೇ. ಅವರು ಬೆಳಗಾವಿಯಲ್ಲಿ ಹಾಕಿದ ಕೇಸನ್ನು ಇಲ್ಲಿಗೆ ವರ್ಗ ಮಾಡಿ ಅಂತ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಕೇಳಬಹುದು. (ವಿಜಯಪುರ ಜಿಲ್ಲೆಯ ಕೋರ್ಟುಗಳು ಕಲಬುರಗಿ ಪೀಠಕ್ಕೆ ಬರುತ್ತವೆ, ಅಲ್ಲಿಯ ಓದುಗರು ಗಮನಿಸಿ.) ಸಣ್ಣ ಮಗಳು, ಕಾಯಿಲೆಯ ತಂದೆ, ಹೋಗಲು ಬರಲು ಒಂದು ದಿನ, ಇವೆಲ್ಲ ಅಂಥ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಬೆಳಗಾವಿಯಲ್ಲೇ ಕೆಲಸಕ್ಕೆ ಸೇರಿದರೆ ಈ ಕಾರಣ ಹೋಗುತ್ತದೆ. ಆಗ ವರ್ಗಾವಣೆಯ ಅಗತ್ಯವೂ ಇರುವುದಿಲ್ಲ, ಕೋರ್ಟು ಊರಲ್ಲೇ ಇರುತ್ತದೆ, ಅರ್ಧ ದಿನದ ರಜೆ ಸಾಕು. ಎರಡೂ ನಡೆಯುತ್ತದೆ. ನಡೆಯದೇ ಇರುವುದು ಇಲ್ಲಿ ಕೆಲಸ, ಅಲ್ಲಿ ಕೋರ್ಟು. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಬಸ್ಸು ಮೂರೂವರೆ, ನಾಲ್ಕು ತಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ದುಡ್ಡಂತೂ ಇಲ್ಲ, ಆದರೆ ರಜೆಗೆ ಕಡಿತವಾಗುವ ಪಗಾರ ಇದ್ದೇ ಇದೆ.

ಮಗಳ ವಿಷಯಕ್ಕೆ ಬರೋಣ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ 1956ರ ಕಾಯ್ದೆಯಲ್ಲಿದೆ. ನಿಮ್ಮ ಮಗಳು ಆ ವಯಸ್ಸು ದಾಟಿದ್ದಾಳೆ. ಈಗ ಕೋರ್ಟು ನೋಡುವುದು ಮಗುವಿನ ಹಿತ. ತಾಯಿ ಕೆಲಸಕ್ಕೆ ಹೋಗುತ್ತಾಳೆ ಅಂತ ಮಗುವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಆ ಹೆದರಿಕೆ ಬೇಡ. ಆದರೆ ಸಂಜೆ ನಾಲ್ಕರಿಂದ ಏಳರವರೆಗೆ ಯಾರ ಹತ್ತಿರ ಇರುತ್ತಾಳೆ, ರಾತ್ರಿ ಯಾರ ಹತ್ತಿರ ಅಂತ ಕೇಳುತ್ತಾರೆ. ಅದಕ್ಕೆ ಹೆಸರು ಹಿಡಿದು ಉತ್ತರ ಹೇಳಬೇಕು. ಮಗಳನ್ನು ಅವ್ವನ ಹತ್ತಿರ ಬಿಟ್ಟು ನೀವೊಬ್ಬರೇ ಬೆಳಗಾವಿಗೆ ಹೋಗುವ ಯೋಚನೆಯೂ ನಿಮಗೆ ಬಂದಿರಬಹುದು. ಈ ಹೊತ್ತಿನಲ್ಲಿ ಅದನ್ನು ಮಾಡಬೇಡಿ. "ತಾಯಿ ಒಂದು ಊರು, ಮಗಳು ಒಂದು ಊರು, ತಂದೆ ಇರುವ ಊರಿನಲ್ಲೇ ತಾಯಿ ಇದ್ದರೂ ಮಗಳನ್ನು ದೂರ ಇಟ್ಟಿದ್ದಾರೆ" ಅನ್ನೋ ವಾದವನ್ನು ನೀವೇ ಅವರ ಕೈಗೆ ಕೊಟ್ಟಂತಾಗುತ್ತದೆ. ಮೇ ತಿಂಗಳಲ್ಲಿ ಮನೆ ಬದಲಾಯಿತು, ಜೂನ್‌ನಲ್ಲಿ ಶಾಲೆ ಬದಲಾಯಿತು. ಈಗ ತಾಯಿಯೂ ದೂರ ಹೋದರೆ ಆ ಮಗು ಯಾರನ್ನು ನೋಡಿ ಧೈರ್ಯ ತಗೊಳ್ಳಬೇಕು?

ನನ್ನ ಸಲಹೆ ಇದು. ಈಗ ಸೌಹಾರ್ದಕ್ಕೆ ಸೇರಿ, ಈ ಶಾಲಾ ವರ್ಷ ಮುಗಿಯುವವರೆಗೆ. ಅದೇ ವಾರ ಬೆಳಗಾವಿ ಆಸ್ಪತ್ರೆಯವರಿಗೆ ಒಂದು ಪತ್ರ ಬರೆಯಿರಿ: ಮಗಳ ಪರೀಕ್ಷೆ ಮುಗಿದ ಮೇಲೆ ಸೇರಬಹುದೇ, ಮೊದಲ ವರ್ಷ ಬರೀ ಹಗಲು ಪಾಳಿ ಕೊಡಬಹುದೇ ಅಂತ. ಇನ್ಶೂರೆನ್ಸ್ ಕಂಪನಿಗಳ ಜೊತೆಗಿನ ಮಾತುಕತೆ ಹೆಚ್ಚಾಗಿ ಹಗಲಿನ ಕೆಲಸವೇ, ಹೀಗಾಗಿ ಕೇಳುವುದರಲ್ಲಿ ತಪ್ಪಿಲ್ಲ. ಬರಹದಲ್ಲಿ ಒಪ್ಪಿದರೆ ಮೇ ತಿಂಗಳಲ್ಲಿ ಮನೆ ಹುಡುಕಿ, ಜೂನ್‌ನಲ್ಲಿ ಮಗಳನ್ನೂ ಕರೆದುಕೊಂಡೇ ಹೋಗಿ. ಒಪ್ಪದಿದ್ದರೆ ಬಿಡಿ. ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳು ಬೇಕಾದಷ್ಟಿವೆ. ಅಲ್ಲೆಲ್ಲ ಬಿಲ್ಲಿಂಗ್ ಗೊತ್ತಿದ್ದವರು ಬೇಕೇ ಬೇಕು. ನೀವು ಈ ಮೂರನೇ ದಾರಿ ನೋಡೇ ಇಲ್ಲ ಅನ್ನಿಸುತ್ತದೆ. ಈ ವಾರವೇ ಅರ್ಜಿ ಕೊಟ್ಟು ಬನ್ನಿ.

ನಿಮ್ಮ ಅವ್ವ ಜೊತೆಗೆ ಬರುವಂತಿದ್ದರೆ ನನ್ನ ಉತ್ತರ ಪೂರ್ತಿ ಬೇರೆ ಇರುತ್ತಿತ್ತು. ಆಗ ನಾಳೆಯೇ ಬೆಳಗಾವಿಗೆ ಹೊರಡಿ ಅನ್ನುತ್ತಿದ್ದೆ.

ಸೌಹಾರ್ದದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪರಿಚಯದವರ ಜಾಗ ಅಂತ ಸಂಕೋಚ ಮಾಡಿಕೊಳ್ಳಬೇಡಿ. ಎರಡು ಷರತ್ತು ಇಡಿ. ಒಂದು ಹಾಳೆಯಾದರೂ ಸರಿ, ನೇಮಕದ ಪತ್ರ ಬೇಕು. ಪಗಾರ ಬ್ಯಾಂಕ್ ಖಾತೆಗೆ ಬೀಳಬೇಕು. ಕೈಯಲ್ಲಿ ಕೊಟ್ಟ ಪಗಾರಕ್ಕೆ ಸಾಕ್ಷಿ ಇಲ್ಲ. ಎದುರಿನವರು 13,000ವನ್ನು 30,000 ಅಂತ ವಾದ ಮಾಡಿದರೆ ನಿಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಮುಂದೆ ಅನುಭವ ಪತ್ರವೂ ಸಿಗುವುದಿಲ್ಲ. ಅಪ್ಪನ ಕಡೆಯಿಂದ ಹೇಳಿಸಬೇಡಿ, ನೀವೇ ಹೋಗಿ ಕೇಳಿ. "ಕೋರ್ಟಿಗೆ ಕೊಡಬೇಕಾಗುತ್ತದೆ ಸರ್, ಅದಕ್ಕೆ ಖಾತೆಗೇ ಹಾಕಿ" ಅಂದರೆ ಸಾಕು.

ಒಳಗೆ ಸೇರಿದ ಮೇಲೆ ಕೆಲವು ಕಡೆ ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆ, ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಾರೆ, ಯಾರದೋ ಸಾಲಕ್ಕೆ ಜಾಮೀನು ಹಾಕು ಅನ್ನುತ್ತಾರೆ, ಸಂಬಂಧಿಕರಿಂದ ಠೇವಣಿ ತರಲು ಗುರಿ ಕೊಡುತ್ತಾರೆ. ಈ ನಾಲ್ಕಕ್ಕೂ ಇಲ್ಲ ಅನ್ನಿ. ನಿಮ್ಮ ಬಂಗಾರ ಮಾರಿದ ದುಡ್ಡಾಗಲಿ, ನಾಳೆ ಕೋರ್ಟಿನಿಂದ ಬರುವ ದುಡ್ಡಾಗಲಿ ಅಲ್ಲಿ ಠೇವಣಿ ಇಡಬೇಡಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಮತ್ತು ಸೌಹಾರ್ದಗಳ ಠೇವಣಿಗೆ ಆ ವಿಮೆ ಇಲ್ಲ. ಅಲ್ಲಿ ಕೆಲಸ ಮಾಡುವವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಸಂದರ್ಶನದಲ್ಲಿ ಗ್ಯಾಪ್ ಬಗ್ಗೆ ಕೇಳಿದರೆ ಉದ್ದ ಕಥೆ ಬೇಡ. "ಮಗಳು ಚಿಕ್ಕವಳಿದ್ದಳು, ಮನೆಯಲ್ಲಿದ್ದೆ. ಈಗ ಶಾಲೆಗೆ ಹೋಗುತ್ತಾಳೆ, ಪೂರ್ತಿ ದಿನದ ಕೆಲಸಕ್ಕೆ ತಯಾರಿದ್ದೇನೆ." ಇದು ನಿಜವೂ ಹೌದು. ಅರ್ಜಿಯಲ್ಲಿ ವಿವಾಹಿತೆ ಅಂತಲೇ ಬರೆಯಿರಿ, ಕಾನೂನಿನ ಪ್ರಕಾರ ನೀವು ಇನ್ನೂ ವಿವಾಹಿತೆಯೇ. ತುರ್ತಿಗೆ ಸಂಪರ್ಕಿಸುವ ನಂಬರ್ ಇರುವಲ್ಲಿ ಅಣ್ಣನದು ಕೊಡಿ. ತಿಂಗಳಿಗೆ ಒಮ್ಮೆ ಕೋರ್ಟಿನ ತಾರೀಖು ಇರಬಹುದು ಅಂತ ಸೇರುವ ಮುಂಚೆ ಒಂದು ಮಾತು ಹೇಳಿಬಿಡಿ, ಆಮೇಲೆ ಹೇಳಿದರೆ ಸುಳ್ಳು ಹೇಳಿ ಸೇರಿದರು ಅನ್ನೋ ಹಾಗಾಗುತ್ತದೆ.

ನೀವು ಬಿಲ್ಲಿಂಗ್ ಬಿಟ್ಟ ಮೇಲೆ ಬಹಳ ಬದಲಾಗಿದೆ. ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ. ನೀವು ಕಲಿತ ಟ್ಯಾಲಿಯ ಜಾಗಕ್ಕೆ 2020ರ ಕೊನೆಗೆ ಟ್ಯಾಲಿ ಪ್ರೈಮ್ ಬಂತು. ಆಸ್ಪತ್ರೆಗಳಲ್ಲಿ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ನಡುವೆ ನಿಂತಿದ್ದ ಯಶಸ್ವಿನಿ ಆರೋಗ್ಯ ಯೋಜನೆಯೂ ಮತ್ತೆ ಶುರುವಾಗಿದೆ. ಸಂಜೆ ಒಂದು ತಾಸಿನ ಟ್ಯಾಲಿ, ಜಿಎಸ್‌ಟಿ ಕ್ಲಾಸು ಹುಡುಕಿ ಸೇರಿ. ಜೂನ್ ಹೊತ್ತಿಗೆ "ಎಲ್ಲ ಮರೆತಿದ್ದೇನೋ" ಅನ್ನೋ ಅಳುಕು ಹೋಗಿರುತ್ತದೆ.

ಕಾಗದಪತ್ರದಲ್ಲಿ ಒಂದು ಗಂಟು ಎಲ್ಲರಿಗೂ ಬೀಳುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಗಂಡನದಾಗಿರುತ್ತದೆ. ಹಳೇ ಪಿಎಫ್ ನೋಡಲು ಹೋದರೆ, ಹೊಸ ಖಾತೆ ತೆರೆಯಲು ಹೋದರೆ ಓಟಿಪಿ ಅವರ ಫೋನಿಗೆ ಹೋಗುತ್ತದೆ. ನೀವು ಏನು ಮಾಡುತ್ತಿದ್ದೀರಿ ಅಂತ ಅವರಿಗೆ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಹೀಗಾಗಿ ಮೊದಲ ಕೆಲಸ, ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಿಮ್ಮ ನಂಬರ್ ಹಾಕಿಸುವುದು. ಆಮೇಲೆ ನಿಮ್ಮ ಒಬ್ಬರದೇ ಹೆಸರಿನ ಬ್ಯಾಂಕ್ ಖಾತೆ. ಆಮೇಲೆ ಹುಬ್ಬಳ್ಳಿ ಆಸ್ಪತ್ರೆಯ ಹಳೇ ಪಿಎಫ್ ನಂಬರ್ ಹುಡುಕುವುದು. ಆ ದುಡ್ಡು ಅಲ್ಲೇ ಇರುತ್ತದೆ, ತೆಗೆಯಬೇಡಿ. ಹೊಸ ಕೆಲಸಕ್ಕೆ ಅದೇ ನಂಬರ್ ಕೊಟ್ಟರೆ ಹಳೇ ನಾಲ್ಕು ವರ್ಷವೂ ಪಿಂಚಣಿಯ ಹತ್ತು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಪಿಎಫ್ ನಾಮಿನಿ ಜಾಗದಲ್ಲಿ ಮಗಳ ಹೆಸರು ಬರೆಯಿಸಿ. ಗಂಡನನ್ನು ಕುಟುಂಬದ ಲೆಕ್ಕದಿಂದ ಹೊರಗಿಡಲು ಹೆಣ್ಣುಮಕ್ಕಳು ಪಿಎಫ್ ಆಯುಕ್ತರಿಗೆ ಬರೆದು ಕೊಡಬಹುದು ಅಂತ ಪಿಎಫ್ ಯೋಜನೆಯಲ್ಲೇ ಇದೆ.

ಅಂಕಪಟ್ಟಿಗಳು ಬೆಳಗಾವಿಯ ಮನೆಯಲ್ಲೇ ಉಳಿದಿದ್ದರೆ "ಕಳೆದುಹೋಗಿವೆ" ಅಂತ ಪ್ರಮಾಣ ಮಾಡಿ ನಕಲು ತಗೊಳ್ಳಬೇಡಿ. ಕಳೆದಿಲ್ಲ, ಅವರ ಹತ್ತಿರ ಇವೆ. ಆ ಸುಳ್ಳು ಮುಂದೆ ಪಾಟೀಸವಾಲಿನಲ್ಲಿ ಎದ್ದು ಬರುತ್ತದೆ. ವಕೀಲರಿಂದ ಬರೆಸಿ ಕೇಳಿ. ಕೊಡದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಿಮ್ಮ ಬಂಗಾರ, ನಿಮ್ಮ ಕಾಗದ ವಾಪಸ್ ಕೊಡಿಸಿ ಅಂತ ಕೇಳಬಹುದು. ಅದೇ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ, ಅವರು ನಿಮ್ಮ ಕೆಲಸದ ಜಾಗಕ್ಕೆ, ಮಗಳ ಶಾಲೆಗೆ ಬರದಂತೆ ತಡೆಯುವ ಆದೇಶವೂ ಸಿಗುತ್ತದೆ. ನಿಮ್ಮ ಪತ್ರದಲ್ಲಿ ಹೊಡೆತ ಬಡಿತದ ಮಾತಿಲ್ಲ. ನೀವು ಬರೆಯದೇ ಬಿಟ್ಟಿದ್ದರೆ ಅದನ್ನು ನಿಮ್ಮ ವಕೀಲರಿಗೆ ಹೇಳಿ. ಹಾಗಿದ್ದರೆ ಅವರಿರುವ ಊರಿನಲ್ಲಿ ಕೆಲಸ ಹಿಡಿಯುವ ಮುಂಚೆ ಆ ಆದೇಶ ಕೈಯಲ್ಲಿರಬೇಕು.

ಮುಂದಿನ ತಿಂಗಳ ತಾರೀಖಿಗೆ ಹೋಗದೇ ಬಿಡಬೇಡಿ, ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಕೇಸು ಮುಂದೆ ಹೋಗುತ್ತದೆ. ಆ ದಿನದೊಳಗೇ ನಿಮ್ಮದೂ ಮಗಳದೂ ಜೀವನಾಂಶದ ಅರ್ಜಿ ತಯಾರಿರಲಿ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅಂತ 2020ರ ತೀರ್ಪಿನಲ್ಲಿದೆ. ಮೇ ತಿಂಗಳಿಂದ ಇವತ್ತಿನವರೆಗಿನದು ಆ ಲೆಕ್ಕಕ್ಕೆ ಬರುವುದಿಲ್ಲ, ಇನ್ನು ತಡಮಾಡಿದ ಒಂದೊಂದು ತಿಂಗಳೂ ಹಾಗೇ ಹೋಗುತ್ತದೆ. ವಕೀಲರಿಗೆ ದುಡ್ಡಿಲ್ಲ ಅಂತ ನಿಲ್ಲಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಕಡೆಯಿಂದ ಉಚಿತ ವಕೀಲರು ಸಿಗುತ್ತಾರೆ. ನವನಗರದ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಬಂದ ನೋಟಿಸು, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಮಗಳ ಜನನ ಪ್ರಮಾಣಪತ್ರ, ಶಾಲೆಯ ಫೀ ರಸೀದಿ, ನಿಮ್ಮ ಆಧಾರ್ ತಗೊಂಡು ಹೋಗಿ. ಸೌಹಾರ್ದದವರು ಅಷ್ಟರಲ್ಲಿ ನೇಮಕದ ಪತ್ರ ಕೊಟ್ಟಿದ್ದರೆ ಅದರದೊಂದು ಝೆರಾಕ್ಸ್ ಕೂಡ ಇಟ್ಟುಕೊಳ್ಳಿ.